ಚೀಲದ ಬಾಯಿ ಕಟ್ಟುತ್ತಾ ಅಂದ ಮಾತು

"ಮುಂದ ಏನಾತು?" ಎನ್ನುತ್ತ ಶೀತಲ ಪುಟ ತಿರುವಿದಳು. ಮುಂದೆ ಏನೂ ಆಗಿರಲಿಲ್ಲ. ತಲೆಗೆ ಪೆಟ್ಟು ಬಿದ್ದು ತನ್ನ ಮದುವೆಯನ್ನೇ ಮರೆತ ಹಡಗಿನ ಅಡುಗೆಯವನನ್ನೂ, ಅವನೆದುರು ದಿನಾ ಹೊಸಬಳಂತೆ ಕೂರುವ ಅವನ ಹೆಂಡತಿಯನ್ನೂ ಕಣ್ಣಿಗೆ ಕಟ್ಟುವಂತೆ ಬರೆದ ಪುಣ್ಯಾತ್ಮ, ನಾಲ್ಕೇ ಪುಟಕ್ಕೆ ಇಬ್ಬರನ್ನೂ ಕೈಬಿಟ್ಟು ಮೆದುಳಿನ ಚಿತ್ರ ಹಾಕಿ ಕೂತಿದ್ದ. ಆ ಹೆಂಗಸಿನ ಗತಿ ಏನು? ಕಾದಂಬರಿಯಲ್ಲಿ ಹೀಗೆ ಮಾಡಿದ್ದರೆ ಓದುವವರು ಸುಮ್ಮನೆ ಬಿಡುತ್ತಿದ್ದರೇ?

ಬೈಲಹೊಂಗಲದ ಗ್ರಂಥಾಲಯದಿಂದ ಶೀತಲ ತರುತ್ತಿದ್ದದ್ದು ಬರೀ ಕಾದಂಬರಿ. ಈ ಸಲ ಹೊಸದೇನೂ ಸಿಗದೆ, ನೆನಪಿನ ಬಗೆಗಿನ ಈ ದಪ್ಪ ಪುಸ್ತಕವನ್ನು ಒಲ್ಲದ ಮನಸ್ಸಿನಿಂದ ತಂದಿದ್ದಳು. ಬಸ್ಸು ತಮ್ಮೂರು ಯರಗಟ್ಟಿ ಮುಟ್ಟುವುದರೊಳಗೆ ಅದು ಅವಳನ್ನು ಹಿಡಿದುಬಿಟ್ಟಿತ್ತು. ನೆನಪೆಂದರೆ ಟ್ರಂಕಿನಲ್ಲಿ ಮಡಿಚಿಟ್ಟ ಸೀರೆಯಲ್ಲ, ನೆನೆದಾಗಲೆಲ್ಲ ಮನಸ್ಸು ಅದನ್ನು ಹೊಸದಾಗಿ ನೇಯುತ್ತದೆ ಎಂದು ಬರೆದಿತ್ತು. ಎಂಥಾ ಮಾತು ಎಂದು ಖುಷಿಪಟ್ಟು ಪುಟದ ಮೂಲೆ ಮಡಿಚಿದ್ದಳು.

ಆದರೆ ಆ ಅಡುಗೆಯವನ ಹೆಂಡತಿಯ ಕತೆಯ ಕೊನೆ ಅವಳಿಗೆ ಬೇಕೇ ಬೇಕಾಗಿತ್ತು. ಕಾರಣ, ಕಾಳಿನ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಗಂಡ ಸುಭಾಸ. ಈ ಸಲದ ಯುಗಾದಿಗೆ ಮುಂಚೆ ಅವನು ಸವದತ್ತಿ ರಸ್ತೆಯಲ್ಲಿ ಬೈಕಿನಿಂದ ಬಿದ್ದಿದ್ದ. ಜೀವ ಉಳಿಯಿತು, ವ್ಯಾಪಾರ ಉಳಿಯಿತು, ಜೋಳದ ದರ ಸಹ ತಲೆಯಲ್ಲಿ ಉಳಿಯಿತು. ಬೀಳುವ ಮುಂಚಿನ ಎರಡು ಮೂರು ವಾರ ಮಾತ್ರ ಅಳಿಸಿಹೋಗಿತ್ತು. "ಅಷ್ಟ ಹೋತಲ್ಲ, ಪುಣ್ಯಾ ಮಾಡೀರಿ" ಎಂದಿದ್ದರು ಡಾಕ್ಟರು. ಎಲ್ಲಿಯ ಪುಣ್ಯ? ಶೀತಲಳಿಗೆ ಬೇಕಾದದ್ದು ಆ ವಾರಗಳಲ್ಲೇ ಇತ್ತು.

ವರ್ಷಗಳ ಹಿಂದೆ ಅವಳ ಅಪ್ಪ ಬಸಯ್ಯ ತವರೂರು ದೊಡವಾಡದಲ್ಲಿ ಸಾಯುವ ಸ್ಥಿತಿಯಲ್ಲಿದ್ದಾಗ ಸುಭಾಸ, "ಮಾಲಿನ ಲಾರಿ ಹೋಗ್ಲಿ, ನಾಳೆ ಹೋಗುವಂತಿ" ಎಂದು ಅವಳನ್ನು ತಡೆದಿದ್ದ. ಅವಳು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅಪ್ಪನ ಮುಖ ಸಿಗಲಿಲ್ಲ. ಅಂದಿನಿಂದ ತಂಗಿ ನಾಗರತ್ನಾ ಭಾವನ ಜೊತೆ ಮಾತು ಬಿಟ್ಟಳು. ಸುಭಾಸ ವರ್ಷಗಟ್ಟಲೆ ಆ ವಿಷಯ ಎತ್ತಲಿಲ್ಲ. ಕೊನೆಗೆ, ಬೈಕಿನಿಂದ ಬೀಳುವುದಕ್ಕೆ ಕೆಲವೇ ದಿನ ಮುಂಚೆ, ಒಂದು ಸಂಜೆ ಜೋಳದ ಚೀಲದ ಬಾಯಿ ಕಟ್ಟುತ್ತಾ, ಅವಳ ಮುಖ ನೋಡದೆ, ತಪ್ಪು ತನ್ನದೆಂದು ಒಂದೇ ಒಂದು ಮಾತು ಅಂದಿದ್ದ. ಶೀತಲ ಆ ಮಾತನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡು ಓಡಾಡಿದ್ದಳು. ಈಗ ಅಂದವನಿಗೇ ಅದು ಗೊತ್ತಿಲ್ಲ.

"ನಾ ಹಂಗ ಅಂದೆನ?" ಕೇಳಿದಾಗಲೆಲ್ಲ ಸುಭಾಸ ಹುಬ್ಬೇರಿಸುತ್ತಿದ್ದ.

"ಅಂದ್ರಿ."

"ನೀ ಅಂತಿ ಅಂದ ಮ್ಯಾಲ ಅಂದಿರಬೇಕ ಬಿಡು."

"ಅಂದಿರಬೇಕಲ್ಲರಿ, ಅಂದೀರಿ!"

"ನೆನಪಿಲ್ಲದ್ದಕ್ಕ ಹ್ಯಾಂಗ ಹೂಂ ಅನ್ನಲಿ? ಬೇಕಂದ್ರ ಈಗ ಮತ್ತೊಮ್ಮೆ ಅಂತೇನಿ, ತಗೋ. ತಪ್ಪಾತು."

ಕಡಲೆ ತೂಗಿ ಕೊಟ್ಟಂತೆ ಕೊಡುವ ಆ ‘ತಪ್ಪಾತು’ ಯಾರಿಗೆ ಬೇಕಿತ್ತು? ಶೀತಲ ಸಿಟ್ಟಿನಿಂದ ಒಳಗೆ ಹೋಗಿ ಮತ್ತೆ ಪುಸ್ತಕ ಹಿಡಿಯುತ್ತಿದ್ದಳು.

ಮುಂದಿನ ಅಧ್ಯಾಯದಲ್ಲಿ ದಾರಿ ಸಿಕ್ಕಿತು. ಮನೆಯವರು ವಿವರ ತುಂಬಿ ಮತ್ತೆ ಮತ್ತೆ ಹೇಳಿದರೆ, ಆಗದೇ ಇದ್ದ ಸಂಗತಿಯೂ ಕೆಲವರಿಗೆ ನಡೆದದ್ದೆಂದೇ ನೆನಪಾಗುತ್ತದಂತೆ. ಆಗದ್ದೇ ನೆನಪಾಗುವುದಾದರೆ ಆದದ್ದು ಯಾಕಾಗಬಾರದು? ಶೀತಲ ಅಂದೇ ಶುರುಮಾಡಿದಳು. ಊಟದ ಹೊತ್ತಿಗೆ, ಚಹಾದ ಹೊತ್ತಿಗೆ, ಗಿರಾಕಿ ಇಲ್ಲದ ಮಧ್ಯಾಹ್ನ, ಅದೇ ಸಂಜೆಯ ಕತೆಯನ್ನು ಹೇಳಿದಳು. ಒಂದು ಚೀಲ, ಒಂದು ಮಾತು, ಇಷ್ಟೇ ಎಂದರೆ ಅವನಲ್ಲಿ ಏನೂ ಏಳಲಿಲ್ಲ. ಆಗ ಕಾದಂಬರಿ ಓದಿ ಪಳಗಿದ ತಲೆ ನೆರವಿಗೆ ಬಂತು. ಕರೆಂಟು ಹೋಗಿತ್ತೆಂದಳು. ಅವನು ಕೈ ಹಿಡಿದುಕೊಂಡನೆಂದಳು. ಅವನ ಬಾಯಿಗೆ ಒಂದರ ಜಾಗದಲ್ಲಿ ನಾಲ್ಕು ಮಾತು ಇಟ್ಟು, ದಿನಾ ಸ್ವಲ್ಪ ತಿದ್ದಿದಳು. ಮಳೆಗಾಲದಲ್ಲಿ ಒಂದು ದಿನ ಸುಭಾಸ ರೊಟ್ಟಿ ಮುರಿಯುತ್ತಾ, "ಹೌದ ನೋಡು, ಕರೆಂಟ ಹೋಗಿತ್ತ ಅವತ್ತ" ಅಂದ. ಶೀತಲ ಕಣ್ಣಲ್ಲಿ ನೀರು ತಂದುಕೊಂಡಳು.

ಗಂಡುಮಕ್ಕಳಿಲ್ಲದ ತವರು. ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ನಾಗರತ್ನಾಳೇ ಬರಬೇಕು. ಪ್ರತಿ ವರ್ಷ ಹೊಸ್ತಿಲಲ್ಲೇ ನಿಂತು ಅಕ್ಕನ ಚೀಲ ಎತ್ತಿಕೊಳ್ಳುತ್ತಿದ್ದಳು. ಈ ವರ್ಷ ಸುಭಾಸ ತಾನೇ ಎದ್ದುಬಂದ.

"ಕುಂದ್ರು ನಾಗರತ್ನಾ, ಒಂದ ಮಾತ ಹೇಳೂದೈತಿ."

ಅವನು ಎಲ್ಲವನ್ನೂ ಹೇಳಿದ. ಕರೆಂಟು ಹೋದದ್ದು, ಕೈ ಹಿಡಿದದ್ದು, ಮಾವನ ಮುಖ ತೋರಿಸದ ಪಾಪ ತನ್ನನ್ನು ಸುಡುತ್ತಿದೆ ಎಂದದ್ದು. ನಡುವೆ ಅತ್ತುಬಿಟ್ಟ. ಅಳು ನಿಜವಾದದ್ದೇ. ನಾಗರತ್ನಾ ತಲೆ ತಗ್ಗಿಸಿ ಕೇಳಿಸಿಕೊಂಡಳು.

"ಹೋಗ್ಲಿ ಬಿಡ್ರಿ ಮಾಮಾರ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಅಕ್ಕನ ಕಡೆ ತಿರುಗಿದಳು. "ಇಷ್ಟೆಲ್ಲಾ ಆದ್ರೂ ನನಗ್ಯಾಕ ಹೇಳಲಿಲ್ಲ ನೀ? ಅವತ್ತ ಏನೇನಂದ್ರು, ಹಂಗಿಂದ ಹಂಗ ಹೇಳು. ನಿನ್ನ ಬಾಯಿಲೆ ಕೇಳತೇನಿ."

ತಂಗಿಗಾದರೂ ಕಟ್ಟಿದ್ದೆಲ್ಲ ಬಿಟ್ಟು ಆ ಒಂದು ಮಾತನ್ನು ಮಾತ್ರ ಕೊಡಬೇಕೆಂದು ಶೀತಲ ಬಾಯಿ ತೆರೆದಳು. ನಾಲಿಗೆಗೆ ಬಂದದ್ದು ತಾನೇ ಕಟ್ಟಿದ ಮಾತು. ಅದನ್ನು ಆಚೆ ತಳ್ಳಿದಳು. ಹಿಂದೆಯೇ ಇನ್ನೊಂದು ಬಂತು, ಅದೂ ತನ್ನದೇ. ಆ ಸಂಜೆ ಕರೆಂಟು ಇತ್ತೇ, ಇರಲಿಲ್ಲವೇ? ದಾರ ಸುತ್ತುವ ಅವನ ಕೈ ಕಂಡಿತು. ತುಟಿ ಆಡಿದ್ದೂ ಕಂಡಿತು. ಮಾತು ಮಾತ್ರ ಕೇಳಿಸಲಿಲ್ಲ.

"ಹೇಳ ಅಕ್ಕಾ" ಅಂದಳು ನಾಗರತ್ನಾ.

ಸುಭಾಸ ಕಣ್ಣೊರೆಸಿಕೊಂಡು, ಎಲ್ಲ ಸರಿಯಾಗಿ ಹೇಳಿದೆನೇ ಎಂಬಂತೆ ಹೆಂಡತಿಯ ಮುಖವನ್ನೇ ನೋಡುತ್ತಿದ್ದ.