ಬಿಳಿಯ ಹಿಡಿಕೆಗಳು

ಹೆಂಡತಿ ಎಕ್ಸಿಲ್ಡಾ ಮಲಗಿದ್ದ ಕರಿಯ ಶವಪೆಟ್ಟಿಗೆಯ ಆರನೆಯ ಹಿಡಿಕೆಗೆ ಝೆಫಿರೆನ್ ಸ್ಕ್ರೂ ಬಿಗಿಯುತ್ತಿದ್ದ. ಪೆಟ್ಟಿಗೆ ಅವನೇ ಮಾಡಿದ್ದು. ನಾದಿನಿ ಡೆಲ್ವಿನಾ ಟೋಪಿ ಸರಿಮಾಡಿಕೊಳ್ಳುತ್ತ ಒಳಗೆ ಬಂದಳು.

"ಆಯ್ತಾ ಭಾವ? ಇನ್ನೇನು ಚರ್ಚಲ್ಲಿ ಗಂಟೆ ಹೊಡೀತಾರೆ."

"ನಿಮ್ಮಕ್ಕನ ಪೆಟ್ಟಿಗೆ ಕಣೇ. ಅವಸರ ಮಾಡ್ಬೇಡ."

"ಪೆಟ್ಟಿಗೆಯೇನೋ ಚೆಂದಾಗಿದೆ. ಹೊರೋರ್ಯಾರು? ನೀವು, ನಮ್ಮನೆಯವರು, ಇಬ್ಬರೇ. ಗಂಡುಮಕ್ಕಳಿದ್ದಿದ್ರೆ ಆ ಮಾತು ಬೇರೆ. ಕೂಲಿಯವರನ್ನ ಕರೆಸ್ಲಾ?"

ಕೂಲಿಯವರು ಹೊರುವ ಚೆಂದವನ್ನು ಝೆಫಿರೆನ್ ಬೇಕಾದಷ್ಟು ಕಂಡಿದ್ದ. ಎಕ್ಸಿಲ್ಡಾಳನ್ನು ಅಂಥವರ ಕೈಗೆ ಕೊಡುವುದೇ?

* * *

ಬಹಳ ವರ್ಷಗಳ ಹಿಂದೆ, ಬೇಸಿಗೆ ಬಂತೆಂದರೆ ಮಾಂಟ್ರಿಯಲ್ಲಿನ ಈ ಕಾಲುವೆ ದಂಡೆಯ ಕೇರಿಯಲ್ಲಿ ಶವಪೆಟ್ಟಿಗೆ ಮಾಡುವ ಝೆಫಿರೆನ್‌ಗೆ ಕೈತುಂಬ ಕೆಲಸ. ಗಾಡಿಯಲ್ಲಿ ಬಿಸಿಲುಂಡು ಬಂದ ಹಾಲು ಕುಡಿದು ಕೂಸುಗಳಿಗೆ ಭೇದಿ ಹತ್ತುತ್ತಿತ್ತು, ಎಷ್ಟೋ ಉಳಿಯುತ್ತಿರಲಿಲ್ಲ. ಅವನು ಪುಟ್ಟ ಬಿಳಿ ಪೆಟ್ಟಿಗೆಗಳನ್ನು ಮಾಡುತ್ತಿದ್ದ. ತನ್ನ ಇಬ್ಬರು ಗಂಡುಮಕ್ಕಳಿಗೂ ಅವನೇ ಮಾಡಿದ.

"ಸ್ವರ್ಗಕ್ಕೊಬ್ಬ ದೇವದೂತ ಹೋದ ಅಂದ್ಕೋ," ಎಂದು ನೆರೆಯವರು ಸಮಾಧಾನ ಹೇಳಿದರು.

"ಅಲ್ಲಿ ಬೇಕಾದಷ್ಟಿದಾರೆ. ನಂಗೆ ಇಲ್ಲಿ ಬೇಕು," ಎಂದು ಎದ್ದ ಎಕ್ಸಿಲ್ಡಾ, ಚರ್ಚಿನ ನೆಲಮಾಳಿಗೆಯಲ್ಲಿ ವೈದ್ಯರು ತೆರೆದಿದ್ದ ಹಾಲಿನ ಕೇಂದ್ರಕ್ಕೆ ಕೆಲಸಕ್ಕೆ ಹೋದಳು. ಬಾಟಲಿ ಕುದಿಸಿದಳು, ಕಾಯಿಸಿದ ಹಾಲು ತುಂಬಿದಳು. ತಾಯಂದಿರು ಬಾರದಿದ್ದರೆ ತಾನೇ ಹೊತ್ತುಕೊಂಡು ಮನೆ ಮನೆ ಹತ್ತಿದಳು.

"ತನ್ನವನ್ನೇ ಉಳಿಸ್ಕೊಳ್ಳದೋಳು ನಮಗೆ ಹೇಳಕ್ಕೆ ಬಂದ್ಲು," ಎಂದವರೂ ಉಂಟು. ಆ ರಾತ್ರಿ ಅತ್ತಳು. ಬೆಳಗಾದರೆ ಅದೇ ಮನೆಯ ಬಾಗಿಲು ತಟ್ಟಿದಳು.

ಕೆಲವು ವರ್ಷ ಕಳೆದು ಒಂದು ಬೇಸಿಗೆಯಲ್ಲಿ ಬಿಳಿ ಪೆಟ್ಟಿಗೆಗಳು ಅಟ್ಟದ ಮೇಲೆ ಧೂಳು ತಿನ್ನುತ್ತ ಉಳಿದವು.

"ನನ್ನ ವ್ಯಾಪಾರಕ್ಕೆ ಕಲ್ಲು ಹಾಕಿದ್ಯಲ್ಲೇ!"

"ಬೀಳ್ಲಿ ಬಿಡ್ರೀ, ಕಲ್ಲೇ ಬೀಳ್ಲಿ."

"ನನ್ನ ಹೆಂಡ್ತಿ ನನ್ನ ಹೊಟ್ಟೆ ಮೇಲೇ ಹೊಡೆದ್ಲು ಕಣ್ರೋ!" ಎಂದು ಝೆಫಿರೆನ್ ಹೆಮ್ಮೆಯಿಂದ ಹೆಂಡದಂಗಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಆ ಪೆಟ್ಟಿಗೆಗಳನ್ನು ಒಡೆದು ಒಲೆಗೆ ಹಾಕಿದ. ಅವುಗಳ ಪುಟ್ಟ ಬಿಳಿ ಹಿಡಿಕೆಗಳನ್ನು ಮಾತ್ರ ಬಿಚ್ಚಿ ಡಬ್ಬಿಯಲ್ಲಿಟ್ಟ.

* * *

ಹೊರಗಿನ ಮೆಟ್ಟಿಲ ಮೇಲೆ ಬೂಟುಗಳ ಸದ್ದಾಯಿತು. ಚರ್ಮ ಹದಮಾಡುವ ಕಾರ್ಖಾನೆಯ ಎಲ್ಜೆಯಾರ್ ಬಾಗಿಲು ತುಂಬಿ ನಿಂತ. ಅವನ ಬೆನ್ನಿಗೆ ಇನ್ನೊಬ್ಬ, ಮತ್ತೊಬ್ಬ. ಸಾಲು ಬೀದಿಯವರೆಗೂ ಇತ್ತು.

"ಹಾಲಮ್ಮನ್ನ ಹೊರೋಕೆ ಬಂದ್ವಿ ಮಾಮ. ತಲೆ ಕಡೆ ನಂದು. ನಮ್ಮವ್ವ ಬಾಗ್ಲು ತೆಗೀದಿದ್ರೆ, ಇವ್ರು ಬೈಕೊಂಡೇ ಕಿಟಕೀಲಿ ಬಾಟ್ಲಿ ಇಟ್ಟು ಹೋಗ್ತಿದ್ರಂತೆ."

"ನಿಂದ್ಯಾವ ಸೀಮೆ ಹಕ್ಕೋ? ನಮ್ಮನೇಲಿ ಮೂವರೂ ಆಕೆ ಹಾಲು ಕುಡ್ದೇ ಬೆಳೆದೋರು!" ಎಂದ ಬೆನ್ನ ಹಿಂದಿದ್ದವನು.

"ಜಗಳಾಡ್ಬೇಡಿ, ಹಿಡಿಕೆ ಇರೋದೇ ಆರು!" ಎಂದ ಡೆಲ್ವಿನಾ ಅಳುತ್ತಲೇ ನಕ್ಕುಬಿಟ್ಟಳು.

ಝೆಫಿರೆನ್ ಒಳಗೆ ಹೋಗಿ ಡಬ್ಬಿ ತಂದ. ದೊಡ್ಡ ಹಿಡಿಕೆಗಳ ನಡುನಡುವೆ ಪುಟ್ಟ ಬಿಳಿ ಹಿಡಿಕೆಗಳನ್ನು ಒಂದೊಂದಾಗಿ ಕೂರಿಸತೊಡಗಿದ. ಗಂಟೆ ಹೊಡೆಯಿತು.

"ಭಾವ, ಪಾದ್ರಿಗಳು ಕಾಯ್ತಿದಾರೆ."

"ಕಾಯ್ಲಿ. ಇವಳೇನು ಬಾಗ್ಲು ಬಾಗ್ಲಲ್ಲಿ ಕಮ್ಮಿ ಕಾದಿದಾಳಾ?"

ಕರಿಯ ಪೆಟ್ಟಿಗೆ ಮೆಟ್ಟಿಲಿಳಿಯಿತು. ತಲೆಯ ಕಡೆಯ ಬಿಳಿ ಹಿಡಿಕೆಯೊಳಗೆ ಎಲ್ಜೆಯಾರ್‌ನ ಕೈ ಹೋಗಲಿಲ್ಲ. ಅವನು ಎರಡೇ ಬೆರಳು ತೂರಿಸಿ ಬಿಗಿಯಾಗಿ ಹಿಡಿದಿದ್ದ.