ಸುಬೇದಾರ್ ಸಾಹೇಬರ ಪಟ್ಟಿ

ಸುಬೇದಾರ್ ಫತೇಹ್ ಶೇರ್ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಸರ್ಕಾರದ ಒಂದು ಅಂಗಿಗುಂಡಿಯನ್ನೂ ಕಳೆದವರಲ್ಲ. ಇದನ್ನು ಬೇರೆಯವರು ಹೇಳುವ ಅಗತ್ಯವಿರಲಿಲ್ಲ, ಅವರೇ ಹೇಳುತ್ತಿದ್ದರು. ಹುಟ್ಟೂರು ಚಕ್ವಾಲಿನಲ್ಲಿ ಹೇಳಿದ್ದರು, ಖಾರಿಯಾನ್ ದಂಡಿನಲ್ಲಿ ಹೇಳಿದ್ದರು, ಈಗ ಎರಡು ವರ್ಷದಿಂದ ತಬೂಕಿನಲ್ಲಿ, ಸೌದಿಗಳಿಗೆ ಟ್ಯಾಂಕ್ ಕಲಿಸಲು ಬಂದ ಪಾಕಿಸ್ತಾನಿ ಪಲ್ಟನ್ನಿನ ಕ್ವಾರ್ಟರ್ಸಿನಲ್ಲಿ, ಒಂದು ಲೋಟ ಚಹಾ ಕೊಟ್ಟವರಿಗೆಲ್ಲ ಹೇಳುತ್ತಿದ್ದರು. ಹದಿನಾಲ್ಕು ವರ್ಷದ ಹಿಂದೆ, ಎಪ್ಪತ್ತೊಂದರ ಲಡಾಯಿಯಲ್ಲಿ, ಸ್ವತಃ ತಾವೇ ಕಳೆದುಹೋಗಿ, ಹನ್ನೊಂದು ತಿಂಗಳು ಸರ್ಕಾರದ ಕಾಗದದಲ್ಲಿ 'ಪತ್ತೆಯಿಲ್ಲ' ಎಂದಾಗಿ, ಆಮೇಲೆ ಯುದ್ಧಕೈದಿಗಳ ಕ್ಯಾಂಪಿನಿಂದ ಮರಳಿ ಬಂದದ್ದನ್ನು ಮಾತ್ರ ಅವರು ಈ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದು ಗುಮಾಸ್ತನ ತಪ್ಪು.

ಇಂಥವರ ಕೈಗೆ ಕ್ವಾರ್ಟರ್ಸಿನವರು ಉಮ್ರಾ ಯಾತ್ರೆಯ ಬಸ್ಸನ್ನು ಒಪ್ಪಿಸಿದರು. ತಬೂಕಿನಿಂದ ಮದೀನಾ, ಅಲ್ಲಿಂದ ಮಕ್ಕಾ, ಒಟ್ಟು ಐದು ದಿನ. ಮುಂದೆ ಹನ್ನೊಂದು ಗಂಡಸರು, ಹಿಂದೆ ಇಪ್ಪತ್ತಮೂರು ಹೆಂಗಸರು ಮಕ್ಕಳು, ನಡುವೆ ಒಂದು ಹಸಿರು ಪರದೆ. ಬೇರೆಯವರಾಗಿದ್ದರೆ ಹತ್ತಿ ಕೂತು ಹೊರಡುತ್ತಿದ್ದರು. ಸಾಹೇಬರು ಮೂರು ಸಂಜೆ ಕೂತು, ಒಂದೇ ಬೆರಳಿನಲ್ಲಿ, ಪ್ರಯಾಣದ ಆರ್ಡರು ಟೈಪು ಮಾಡಿದರು. ಯಾವ ನಿಲುಗಡೆಯಲ್ಲಿ ಎಷ್ಟು ನಿಮಿಷ, ಯಾವ ಬಾಗಿಲಿನಿಂದ ಇಳಿಯುವುದು, ಮಗುವಿಗೆ ವಾಂತಿ ಬಂದರೆ ಯಾರಿಗೆ ವರದಿ ಕೊಡುವುದು, ಎಲ್ಲ ಅದರಲ್ಲಿತ್ತು. ಕೊನೆಗೆ ಹೆಸರುಗಳ ಪಟ್ಟಿ, ಮೂರು ಪ್ರತಿ. ಕೊರಳಿಗೆ ಒಂದು ಸೀಟಿ.

ಪಟ್ಟಿಯನ್ನು ಅಡುಗೆಮನೆಗೆ ಒಯ್ದು ಹೆಂಡತಿಗೆ ತೋರಿಸಿದರು. ಸರ್ವರ್ ಜಾನ್ ಹಿಟ್ಟಿನ ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು.

"ನನ್ ಹೆಸರೆಲ್ಲಿ?"

"ನಿನ್ ಹೆಸರ್ಯಾಕೆ, ನೇಕ್‌ಬಖ್ತ್? ಪರದೆ ಹಿಂದೆ ಎಣಿಸೋಳು ನೀನು. ಎಣಿಸೋರನ್ನ ಯಾರಾದ್ರೂ ಎಣಿಸ್ತಾರಾ? ನೋಡು, ನನ್ ಹೆಸರೂ ಇಲ್ಲ. ನಾವಿಬ್ರೂ ಮೇಲ್ವಿಚಾರಣೆಯವರು."

"ಹಾಗಾದ್ರೆ ನಾನು ಕಳೆದ್ಹೋದ್ರೂ ನಿಮ್ ಲೆಕ್ಕ ಸರಿಯಾಗೇ ಇರುತ್ತೆ ಅನ್ನಿ."

"ನೀನೆಲ್ಲಿ ಕಳೀತೀಯ? ಇಪ್ಪತ್ತಾರು ವರ್ಷದಲ್ಲಿ ನಾನು ಒಂದು ಅಂಗಿಗುಂಡಿ..."

"ಗೊತ್ತು, ಗೊತ್ತು," ಎಂದು ಅವಳು ಪರಾಠ ಲಟ್ಟಿಸಲು ತಿರುಗಿದಳು.

ನೇಕ್‌ಬಖ್ತ್ ಎಂದರೆ ಭಾಗ್ಯವಂತೆ. ಮದುವೆಯಾದ ಹದಿನೆಂಟು ವರ್ಷದಲ್ಲಿ ಅವರು ಅವಳನ್ನು ಕರೆದದ್ದು ಹಾಗೆಯೇ, ಇಲ್ಲವೆಂದರೆ 'ತಸ್ನೀಮ್‌ನ ಅಮ್ಮಿ' ಎಂದು. ಅವರ ಕಡೆಯ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಅದು ಮರ್ಯಾದೆಯೆಂದು ಸಾಹೇಬರು ನಂಬಿದ್ದರು.

ಬಸ್ಸು ಬೆಳಗಿನ ನಮಾಜು ಮುಗಿಸಿ ಹೊರಟಿತು. ಮೊದಲ ಎರಡು ನಿಲುಗಡೆಗಳಲ್ಲಿ ಎಲ್ಲವೂ ಟೈಪು ಮಾಡಿದ ಹಾಗೆಯೇ ನಡೆಯಿತು. ಸಾಹೇಬರು ಸೀಟಿ ಊದುವರು, ಎಲ್ಲರೂ ಹತ್ತುವರು. ಅವರು ಪರದೆಯ ಕಡೆ ಮುಖ ಮಾಡಿ "ಗಿನ್ತಿ?" ಎನ್ನುವರು. ಹಿಂದಿನಿಂದ ಹೆಂಡತಿಯ ದನಿ ಬರುವುದು: "ಇಪ್ಪತ್ತಮೂರು, ಪೂರಾ!" ಅವರು ಪಟ್ಟಿಯಲ್ಲಿ ಒಂದು ಗೀಟು ಎಳೆದು ಸೂಡಾನಿ ಡ್ರೈವರ್ ಇದ್ರೀಸನಿಗೆ "ಯಲ್ಲಾ" ಎನ್ನುವರು, ಹೊರಡು ಎಂದು. ಈ ಪಟ್ಟಿಯನ್ನು ಬ್ರಿಗೇಡಿಯರ್ ಸಾಹೇಬರಿಗೆ ತೋರಿಸಿದರೆ ಏನಂದಾರು ಎಂದು ಯೋಚಿಸುತ್ತ ಅವರು ಮೀಸೆಯನ್ನು ಎರಡು ಸಲ ಸವರಿಕೊಂಡರು.

ತೈಮಾ ದಾಟಿ ಒಂದು ಪೆಟ್ರೋಲ್ ಬಂಕಿನಲ್ಲಿ ಹದಿನೈದು ನಿಮಿಷ. ಸೀಟಿ. "ಗಿನ್ತಿ?"

ಈ ಸಲ ಉತ್ತರ ತುಸು ತಡವಾಯಿತು, ದನಿಯೂ ಸಣ್ಣದಾಗಿತ್ತು. "ಇಪ್ಪತ್ತಮೂರು, ಪೂರಾ!" ಗಂಟಲಿಗೆ ಧೂಳು ಹೋಗಿರಬೇಕು ಎಂದುಕೊಂಡು ಸಾಹೇಬರು ಗೀಟು ಎಳೆದರು. ಯಲ್ಲಾ.

ಒಂದೂವರೆ ಗಂಟೆಯ ಮೇಲೆ ಊಟದ ಹೊತ್ತಾಯಿತು. ಪರದೆಯ ಹಿಂದಿನಿಂದ ಹವಾಲ್ದಾರರೊಬ್ಬರ ಹೆಂಡತಿ ಇಕ್ಬಾಲ್ ಬೀಬಿ ಕೂಗಿದಳು. ಅವಳ ದನಿಗೆ ಮೈಕು ಬೇಕಾಗಿರಲಿಲ್ಲ.

"ಸುಬೇದಾರ್ ಸಾಬ್, ಬಾಜೀನ ಸ್ವಲ್ಪ ಹಿಂದಕ್ಕೆ ಕಳ್ಸಿ! ಉಪ್ಪಿನಕಾಯಿ ಭರಣಿ ಎಲ್ಲಿಟ್ಟವ್ರೋ ಗೊತ್ತಾಗ್ತಿಲ್ಲ."

"ಯಾವ ಬಾಜಿ?"

"ಯಾವ ಬಾಜಿ ಅಂದ್ರೆ? ನಿಮ್ಮನೆಯವ್ರು! ನಿಮ್ ಜತೆ ಮುಂದೆ ಕೂತಿಲ್ವಾ?"

"ನನ್ ಜತೆ ಎಲ್ಲಿ? ನಿಮ್ ಜತೆ ಅಲ್ವಾ ಇರೋದು?"

ಪರದೆ ಸರಿಸಿಕೊಂಡು ಹನ್ನೊಂದು ವರ್ಷದ ತಸ್ನೀಮ್ ಮುಂದೆ ಬಂದಳು. ಅವಳ ಕೈಯಲ್ಲಿ ಪಟ್ಟಿಯ ಎರಡನೆಯ ಪ್ರತಿ ಇತ್ತು.

"ಅಬ್ಬಾಜಿ, ಬಂಕಿನಲ್ಲಿ ನಾನೇ ಎಣಿಸಿದ್ದು. ಪುಟ್ಟ ಪಾಪು ಗುಡ್ಡೀದು ಒಂದು ಚಪ್ಪಲಿ ಅಲ್ಲೇ ಬಿದ್ದಿತ್ತು. ಅಮ್ಮಿ ಪಟ್ಟಿ ನನ್ ಕೈಗೆ ಕೊಟ್ಟು, ತಂದ್ಬಿಡ್ತೀನಿ ಅಂತ ಇಳಿದ್ರು. ನೀವು ಸೀಟಿ ಊದಿದ್ರಿ. ಮುಂದಿನ ಬಾಗ್ಲಲ್ಲಿ ಹತ್ತಿರ್ತಾರೆ ಅಂದ್ಕೊಂಡೆ. ಇಪ್ಪತ್ತಮೂರೂ ಇದ್ರು ಅಬ್ಬಾಜಿ. ಪಟ್ಟೀಲಿರೋರೆಲ್ಲ ಇದ್ರು." ಹೇಳುತ್ತ ಹೇಳುತ್ತ ಅವಳು ಅಳತೊಡಗಿದಳು.

ಇಂಥ ಹೊತ್ತಿನಲ್ಲಿ ಗಂಡಸಿನ ಬಾಯಿಂದ ಮೊದಲು ಹೊರಡುವ ಮಾತು ಅವನ ಜಾತಕವನ್ನೇ ಹೇಳುತ್ತದೆ. ಸಾಹೇಬರ ಬಾಯಿಂದ ಹೊರಟದ್ದು: "ವಾಪಸ್ ಹೋಗೋದು ಆರ್ಡರಿನಲ್ಲಿ ಇಲ್ಲ."

"ಆರ್ಡರು ಬರೆದೋರು ಯಾರು?" ಎಂದಳು ಇಕ್ಬಾಲ್ ಬೀಬಿ.

"ನಾನೇ."

"ಹಂಗಾದ್ರೆ ನೀವೇ ಹರೀರಿ!"

ಇದ್ರೀಸ್ ಯಾರ ಅಪ್ಪಣೆಗೂ ಕಾಯದೆ ಬಸ್ಸು ತಿರುಗಿಸಿದ.

ಅಷ್ಟು ದೂರವನ್ನು ಮತ್ತೆ ಹಿಂದಕ್ಕೆ ಕ್ರಮಿಸುವಾಗ ಉಳಿದ ಗಂಡಸರು ದಾಕ್ಷಿಣ್ಯಕ್ಕೆ ಕಿಟಕಿಯಾಚೆ ನೋಡುತ್ತಿದ್ದರು. ಆಚೆ ನೋಡಲು ಕಲ್ಲು ಮರಳು ಬಿಟ್ಟು ಏನೂ ಇರಲಿಲ್ಲ. ಸಾಹೇಬರಿಗೆ ಈಗ ನೆನಪಾಯಿತು, ಪ್ರತಿ ನಿಲುಗಡೆಯ ನಂತರ ಈ ಮಹನೀಯರೆಲ್ಲ ಪರದೆಯನ್ನು ಒಂದು ಬೆರಳು ಸರಿಸಿ, ನೀರು ಬೇಕಾ, ಮಗು ಮಲಗಿತಾ ಎಂದು ಕೇಳಿದ್ದರು. ಆಗ ಅವರಿಗೆ ಅದು ಶಿಸ್ತಿಲ್ಲದ ನಡತೆಯಾಗಿ ಕಂಡಿತ್ತು. ಹನ್ನೊಂದು ಜನ ಯಾವ ಕಾಗದವೂ ಇಲ್ಲದೆ ತಮ್ಮ ತಮ್ಮ ಹೆಂಡತಿಯನ್ನು ಬಸ್ಸಿನಲ್ಲಿ ಉಳಿಸಿಕೊಂಡಿದ್ದರು. ಮೂರು ಪ್ರತಿ ಇಟ್ಟುಕೊಂಡ ಮನುಷ್ಯ ಕಳೆದುಕೊಂಡಿದ್ದ.

ಭಯ ಆಮೇಲೆ ಬಂತು. ಅವಳಿಗೆ ಅರಬ್ಬಿಯಲ್ಲಿ ಬರುತ್ತಿದ್ದದ್ದು ನಾಲ್ಕು ಮಾತು: ಸಲಾಮು, ನೀರು, ಸಾಕು, ಯಲ್ಲಾ. ಬಂಕಿನಲ್ಲಿ ನಿಲ್ಲುವುದು ಲಾರಿಗಳು. ಅವಳ ಇಕಾಮಾ, ಈ ದೇಶದಲ್ಲಿ ಇರಲು ಕೊಟ್ಟ ಪರವಾನಗಿ, ತಮ್ಮದೇ ಚೀಲದಲ್ಲಿ ಭದ್ರವಾಗಿದೆ, ಏಕೆಂದರೆ ಹೆಂಗಸರು ಕಾಗದ ಕಳೆಯುತ್ತಾರೆ ಎಂದು ಅವರೇ ಎಲ್ಲರದನ್ನೂ ಇಸಿದುಕೊಂಡಿದ್ದರು. ಪೊಲೀಸರು ಹಿಡಿದು, ಯಾವ ಬಸ್ಸಿನವಳು ಎಂದು ಪಟ್ಟಿ ತರಿಸಿದರೆ, ಅಂಥ ಹೆಂಗಸು ಈ ಬಸ್ಸಿನಲ್ಲಿ ಇರಲೇ ಇಲ್ಲ. ತಾವೇ ಬರೆದು, ತಾವೇ ಸಹಿ ಹಾಕಿ, ತಾವೇ ಮುದ್ರೆ ಒತ್ತಿದ್ದರು.

ಬಂಕು ಬಂತು. ಯಾರೂ ಇಲ್ಲ. ಪಂಪಿನ ಹತ್ತಿರದ ಕುರ್ಚಿ ಖಾಲಿ, ಹೆಂಗಸರ ನಮಾಜು ಕೋಣೆಗೆ ಬೀಗ. ಸಾಹೇಬರು ಬಯಲಿನ ನಡುವೆ ನಿಂತು ಕೂಗಲು ಬಾಯಿ ತೆರೆದರು. ಏನೆಂದು ಕೂಗುವುದು? ನೇಕ್‌ಬಖ್ತ್ ಎಂದರೆ ಲೋಕದ ಯಾವ ಹೆಂಗಸಾದರೂ ಆಗಬಹುದು. ತಸ್ನೀಮ್‌ನ ಅಮ್ಮಿ ಎನ್ನೋಣವೆಂದರೆ ಅದು ಮನೆಯೊಳಗೆ ಗೊಣಗುವ ಮಾತು, ಬಯಲಿಗೆ ಆಗದು. ದಿಕ್ಕು ತೋಚದೆ ಅವರು ಸೀಟಿ ಊದಿದರು. ಮೂರು ಸಲ ಊದಿದರು. ನೀರಿನ ತೊಟ್ಟಿಯ ಹಿಂದಿನಿಂದ ಒಂದು ಮೇಕೆ ಹೊರಗೆ ಬಂದು ಅವರನ್ನೇ ನೋಡುತ್ತ ನಿಂತಿತು.

ಸಾಹೇಬರು ಸೀಟಿಯನ್ನು ಕೊರಳಿನಿಂದ ಕಿತ್ತು ಮರಳಿಗೆ ಎಸೆದರು.

"ಸರ್ವರ್ ಜಾನ್!" ದನಿ ನಡುವೆಯೇ ಒಡೆಯಿತು. ಬಸ್ಸಿನ ಕಿಟಕಿಗಳೆಲ್ಲ ದಡದಡ ತೆರೆದವು. "ಸರ್ವರ್ ಜಾನ್! ಏ ಸರ್ವರ್ ಜಾನ್!"

ತೊಟ್ಟಿಯ ಆಚೆ ಕರಿಯ ಗುಡಾರವೊಂದಿತ್ತು. ಅದರ ಬಾಗಿಲಿನ ಬಟ್ಟೆ ಎತ್ತಿಕೊಂಡು ಅವಳು ಹೊರಗೆ ಬಂದಳು, ಕೈಯಲ್ಲಿ ಗುಡ್ಡಿಯ ಚಪ್ಪಲಿ. ಬೆನ್ನ ಹಿಂದೆ ಕಾಫಿಯ ಹೂಜಿ ಹಿಡಿದ ಮುದುಕಿಯೊಬ್ಬಳು ನಿಂತು ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಬಾಯಿಗೆ ಬಂತಲ್ಲ ಕೊನೆಗೂ," ಎಂದಳು ಸರ್ವರ್ ಜಾನ್.

"ಸೀಟಿ ಕೇಳಿಸ್ಲಿಲ್ವಾ?"

"ಮೊದಲ್ನೇದೇ ಕೇಳಿಸ್ತು. ಸೀಟಿಗೆ ಓಡಿ ಬರೋಕೆ ನಾನೇನು ಮೇಕೆನಾ?"

ಬಸ್ಸಿನೊಳಗಿನಿಂದ ಇಕ್ಬಾಲ್ ಬೀಬಿಯ ನಗು ಕೇಳಿಸಿತು. ಸಾಹೇಬರಿಗೆ ನಗು ಬರಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಕೂತರು, ಜನ ನೋಡುತ್ತಿದ್ದಾರೆ ಎಂಬುದೂ ಮರೆತು ಕಣ್ಣೊರೆಸಿಕೊಂಡರು.

"ತುಂಬಾ ಹೆದರಿಬಿಟ್ಟೆ," ಎಂದರು.

"ನಾನೂ ಹೆದರಿದ್ದೆ. ಬಸ್ಸಿನ ಧೂಳು ಕಣ್ಮರೆಯಾಗೋ ತನಕ ಓಡಿದೆ, ಚಪ್ಪಲಿ ಬೀಸ್ಕೊಂಡು. ಆಮೇಲೆ ಈ ತಾಯಿ ಕೈ ಹಿಡಿದು ಒಳಗೆ ಕೂರಿಸ್ಕೊಂಡ್ರು." ಅವಳು ದನಿ ತಗ್ಗಿಸಿದಳು. "ನೀವು ಬರ್ತೀರ ಅಂತ ಗೊತ್ತಿತ್ತು. ಊಟದ ಹೊತ್ತಿಗೆ ನೆನಪಾಗ್ತೀನಿ ಅಂತಾನೂ ಗೊತ್ತಿತ್ತು."

ಆ ಮಾತು ನಾಟಬೇಕಾದ ಕಡೆಯೇ ನಾಟಿತು. ಸಾಹೇಬರು ಚೀಲದಿಂದ ಇಕಾಮಾ ತೆಗೆದು ಅವಳ ಕೈಗಿಟ್ಟರು. ಆಮೇಲೆ ಪಟ್ಟಿಯ ಮೂರೂ ಪ್ರತಿ ತರಿಸಿ, ಮಂಡಿಯ ಮೇಲಿಟ್ಟುಕೊಂಡು, ಎಲ್ಲರ ಹೆಸರಿಗಿಂತ ಮೇಲೆ ಪೆನ್ನಿನಲ್ಲಿ ಬರೆದರು: ಸರ್ವರ್ ಜಾನ್. ತಿದ್ದಿದ ಕಾಗದವೆಂದರೆ ಆಗದ ಮನುಷ್ಯ. ಈಗ ಮೂರೂ ಪ್ರತಿ ತಿದ್ದಿದ ಕಾಗದವಾಯಿತು. ಮುದುಕಿಗೆ ಇಕ್ಬಾಲ್ ಬೀಬಿ ಒಂದು ಗಂಟು ಪರಾಠ ಕೊಟ್ಟಳು, ಮುದುಕಿ ಅದರ ಎರಡರಷ್ಟು ಖರ್ಜೂರ ಕೊಟ್ಟಳು.

ಎಲ್ಲರೂ ಹತ್ತಿದರು. ಸಾಹೇಬರು ಪರದೆಯ ಹತ್ತಿರ ನಿಂತು, ಅಭ್ಯಾಸಕ್ಕಿಂತ ಮೆತ್ತಗೆ ಕೇಳಿದರು: "ಗಿನ್ತಿ?"

"ಇಪ್ಪತ್ತೈದು, ಪೂರಾ."

ಸಾಹೇಬರು ಪಟ್ಟಿ ನೋಡಿದರು. ಇಪ್ಪತ್ತಮೂರು, ಈಗ ಇವಳೊಬ್ಬಳು, ಇಪ್ಪತ್ತನಾಲ್ಕು. ಆ ಮುದುಕಿ ಹತ್ತಿಬಿಟ್ಟಳೇ? "ಇಪ್ಪತ್ತೈದಾ? ಹೆಚ್ಚಿಗೆ ಯಾರು ಬಂದ್ರು?"

"ಯಾರೂ ಬಂದಿಲ್ಲ, ನೀವೇ," ಎಂದಿತು ಪರದೆಯ ಹಿಂದಿನ ದನಿ. "ಪಟ್ಟೀಲಿ ನಿಮ್ ಹೆಸರಿಲ್ವಲ್ಲ. ಲಡಾಯಿ ವರ್ಷ ಸರ್ಕಾರದ ಪಟ್ಟೀಲೂ ಇರ್ಲಿಲ್ಲ. ಆ ಹನ್ನೊಂದು ತಿಂಗ್ಳೂ ದಿನಾ ರೊಟ್ಟಿ ತಟ್ಟೋವಾಗ ನಿಮ್ಮದೂ ಎಣಿಸ್ಕೊಂಡೇ ತಟ್ತಿದ್ದೆ. ಅದೇ ಅಭ್ಯಾಸ, ಹೋಗಿಲ್ಲ."

ಇದ್ರೀಸ್ ಹೊರಡಲು ಅಪ್ಪಣೆಗೆ ತಿರುಗಿ ನೋಡಿದ. ಸಾಹೇಬರು ಮುಂದಿನ ಸೀಟಿನಲ್ಲಿ ಕಿಟಕಿಗೆ ಮುಖ ತಿರುಗಿಸಿ ಕೂತಿದ್ದರು. ಪರದೆಯ ಹಿಂದಿನಿಂದ ಸರ್ವರ್ ಜಾನೇ ಹೇಳಿದಳು: "ಯಲ್ಲಾ."