ಕೆಂಪು ಬಟ್ಟೆ ಏರಿದ ದಿನ

ಯುದ್ಧದ ಕಾಲ, ಕುಡಿಯುವ ನೀರಿಗೆ ಯಾರಾದರೂ ವಿಷ ಹಾಕಿಯಾರೆಂಬ ಭಯ. ಹುಬ್ಬಳ್ಳಿಯ ಅರ್ಧ ಊರಿಗೆ ನೀರು ಬಿಡುವ ದಿಬ್ಬದ ಟಾಕಿಗೆ ಬೀರಲಿಂಗಪ್ಪ ಕಾವಲುಗಾರ. ಟಾಕಿಯ ಬಾಗಿಲಿನ ಕೀಲಿ ತೆರೆದಿದ್ದರೆ, ನೀರಿನಲ್ಲಿ ಏನಾದರೂ ಬಿದ್ದಿದ್ದರೆ, ಆ ಕ್ಷಣವೇ ಕಚೇರಿಗೆ ತಿಳಿಸಬೇಕು, ನೀರು ಬಿಡಕೂಡದು ಎಂದು ಹುಕುಂ ಬಂದಿತ್ತು. ಬೀರಲಿಂಗಪ್ಪನಿಗೆ ಅಕ್ಷರ ಬಾರದು. ಹಾಗಾಗಿ ಒಂದು ಕಂಬ ನೆಟ್ಟುಕೊಟ್ಟಿದ್ದರು. ಎಲ್ಲ ಸರಿಯಿದ್ದರೆ ದಿನಾ ಮುಂಜಾನೆ ಬಿಳಿ ಬಟ್ಟೆ, ಹೆಚ್ಚುಕಡಿಮೆಯಾದರೆ ಕೆಂಪು; ಕಚೇರಿಗೂ ಊರಿಗೂ ಅದೇ ಗುರುತು. ಎರಡು ವರ್ಷವಾದರೂ ಕೆಂಪು ಬಟ್ಟೆಯ ಮಡಿಕೆ ಬಿಚ್ಚಿರಲಿಲ್ಲ.

ಆ ಮುಂಜಾನೆ ಕೀಲಿ ತೆರೆದು ನೇತಾಡುತ್ತಿತ್ತು. ಒಳಗೆ ನೀರಿನ ಮೇಲೆ ಅರಿಷಿಣ, ಐದು ವೀಳ್ಯದೆಲೆ, ಒಂದು ಹಸಿರು ಖಣ. ಬೀರಲಿಂಗಪ್ಪ ಖಣವನ್ನು ನೋಡಿದೊಡನೆ ಗುರುತಿಸಿದ. ಬಾಣಂತನಕ್ಕೆ ಬಂದ ಮಗಳಿಗೆಂದು ಆ ಖಣವನ್ನು ಪೇಟೆಯಲ್ಲಿ ಆರಿಸಿ ತಂದವನು ಅವನೇ.

ಟಾಕಿಯ ಹಿಂದಿನ ಖೋಲಿಗೆ ಓಡಿದ. ಮಗಳು ಹುಲಿಗೆವ್ವ ಕೂಸಿಗೆ ಹಾಲು ಕೊಡುತ್ತಿದ್ದಳು.

"ಕೀಲಿಕೈ ನೀ ಒಯ್ದಿದ್ದೇನ?"

"ಹೌದಪ್ಪಾ. ಕೂಸು ಹುಟ್ಟಿ ತಿಂಗಳಾತು, ಇವತ್ತ ಗಂಗಿ ಪೂಜಿ. ಬಾವಿ ಅಂತೂ ಮುಚ್ಚಿಸ್ಯಾರ. ನಳಕ್ಕ ಪೂಜಿ ಮಾಡಿದ್ರ ಗಂಗವ್ವ ನಗೂದಿಲ್ಲೇನು? ಕೋಳಿ ಕೂಗೋ ಮುಂದ ಆಕಿ ಇರೋ ಕಡಿಗೇ ಹೋಗಿ ಬಂದೆ."

"ತಿರುಗಿ ಕೀಲಿ ಹಾಕಿದ್ಯಾ?"

"ಕೂಸು ಅಳಾಕತ್ತಿತ್ತು... ಮರತೆ."

ಖಣ ಎತ್ತಿ ಬಿಸಾಕಿ ನೀರು ಬಿಟ್ಟರೆ ಯಾರಿಗೂ ಗೊತ್ತಾಗದು. ಕೆಂಪು ಏರಿಸಿದರೆ ನೌಕರಿ ಹೋಯಿತು, ಖೋಲಿ ಹೋಯಿತು, ತಿಂಗಳ ಕೂಸಿನೊಂದಿಗೆ ಬೀದಿಗೆ ಬೀಳಬೇಕು. ಮಗಳು ಹಾಕಿದ್ದು ಅರಿಷಿಣ, ಸರಿ. ಆದರೆ ತಾಸುಗಟ್ಟಲೆ ಬಾಗಿಲು ತೆರೆದಿತ್ತಲ್ಲ, ಅವಳ ಹಿಂದೆ ಯಾರು ಬಂದರು, ಏನು ಹಾಕಿದರು, ಬಲ್ಲವರಾರು?

ಕೆಂಪು ಬಟ್ಟೆಯ ಮಡಿಕೆ ಬಿಚ್ಚಿ ಕಟ್ಟಿ, ಹಗ್ಗ ಎಳೆದ. ಕೆಂಪು ಏರಿತು.

ಕೆಳಗೆ ನಡೆದದ್ದನ್ನು ಅವನು ಸಾಯುವವರೆಗೂ ಮರೆಯಲಿಲ್ಲ. ಮೊದಲು ಹತ್ತಿರದ ಓಣಿಯ ನಳದ ಮುಂದಿನ ಹೆಂಗಸರು ತಲೆ ಎತ್ತಿ ನೋಡಿದರು, ಕೊಡಗಳನ್ನು ಬೋರಲು ಹಾಕಿದರು. ಆಮೇಲೆ ಅದರಾಚೆಯ ಓಣಿ. ಡಂಗುರದ ಸದ್ದು ಓಣಿಯಿಂದ ಓಣಿಗೆ ಹೋಯಿತು. ಏಕೆ ಏನು ಎಂದು ಕೇಳಲು ಒಬ್ಬರೂ ದಿಬ್ಬ ಹತ್ತಲಿಲ್ಲ. ಒಂದು ಮೊಳ ಬಟ್ಟೆಯನ್ನು ನಂಬಿ ಸಾವಿರಾರು ಮಂದಿ ಬಾಯಾರಿ ಕೂತರು. ತನ್ನ ಕೈಯಲ್ಲಿ ಇಷ್ಟು ದೊಡ್ಡದೊಂದು ಇತ್ತೆಂದು ಬೀರಲಿಂಗಪ್ಪನಿಗೆ ಗೊತ್ತೇ ಇರಲಿಲ್ಲ. ಅವನು ಊರಿನ ಕಡೆಗೆ ತಿರುಗಿ ಕೈಮುಗಿದ.

ಓವರ್‌ಸೀಯರ್ ಸಾಹೇಬರು ಬಂದರು. ಬೀರಲಿಂಗಪ್ಪ ಒಂದನ್ನೂ ಮುಚ್ಚಿಡದೆ ಹೇಳಿದ. ದಿನವಿಡೀ ಟಾಕಿ ಬರಿದು ಮಾಡಿ ತಿಕ್ಕಿ ತೊಳೆದು ಮತ್ತೆ ತುಂಬಿಸಿದರು.

ಮರುದಿನ ಮುಂಜಾನೆ ಸಾಹೇಬರು ಕೈ ಚಾಚಿದರು. "ಕೀಲಿಕೈ ಕೊಡು. ಅದು ನಿನ್ನ ಮನ್ಯಾಗ ಭದ್ರ ಇಲ್ಲ."

ಕೊಟ್ಟ. ಕೊಟ್ಟು, ಎದೆಯ ಮೇಲಿನ ನೌಕರಿಯ ಹಿತ್ತಾಳೆ ಬಿಲ್ಲೆಯನ್ನೂ ಬಿಚ್ಚತೊಡಗಿದ.

"ಅದನ್ಯಾಕ ಬಿಚ್ಚತಿ? ಸ್ವಂತ ಮಗಳ ತಪ್ಪಿಗೆ ಕೆಂಪು ಏರಿಸಿದಾಂವ ನೀ. ಬಟ್ಟಿ ನಿನ್ನ ಕೈಯಾಗ ಇರಲಿ."

ಬೀರಲಿಂಗಪ್ಪ ಬಿಲ್ಲೆಯನ್ನು ಮತ್ತೆ ಸಿಕ್ಕಿಸಿಕೊಂಡ. ಬಿಳಿ ಬಟ್ಟೆ ಏರಿಸಿದ. ಕೆಳಗೆ ಬೋರಲು ಬಿದ್ದಿದ್ದ ಕೊಡಗಳು ಒಂದೊಂದಾಗಿ ನೆಟ್ಟಗಾದವು.

ಖೋಲಿಯ ಮುಂದಿನ ನಳಕ್ಕೆ ಹುಲಿಗೆವ್ವ ಅರಿಷಿಣ ಹಚ್ಚಿ, ಕೂಸನ್ನು ಎತ್ತಿಕೊಂಡು ಕಾಯುತ್ತಿದ್ದಳು. ನಳ ಒಮ್ಮೆ ಭುಸ್ಸೆಂದಿತು, ಆಮೇಲೆ ನೀರು ಬಂತು.